ಕಲಬುರಗಿಯಲ್ಲಿ ಸಿಮೋನ್ ದ ಬೋವಾ ಓದುವ ಬಳಗ ಕಟ್ಟಿ, ಅಂತರರಾಷ್ಟ್ರೀಯ ಸಂಘಕ್ಕೆ ಪ್ರಬಂಧ ಕಳಿಸುವುದು ಹೇಗೆ?

ಕಲಬುರಗಿಯಲ್ಲಿ ಎಂ.ಎ. ಓದುತ್ತಿರುವ ನೀವು ಎಂಟು ಮಂದಿ, ಫ್ರೆಂಚ್ ಸ್ತ್ರೀವಾದಿ ಚಿಂತಕಿ ಸಿಮೋನ್ ದ ಬೋವಾ ಹೆಸರಿನಲ್ಲಿ ಸಂಘ ನೋಂದಾಯಿಸಬೇಕೇ, ಹೊರದೇಶದ ಬೋವಾ ಸಂಘಕ್ಕೆ ಪ್ರಬಂಧ ಕಳಿಸುವುದು ಹೇಗೆ ಎಂದು ಕೇಳಿದ್ದೀರಿ. ನೋಂದಣಿ ಈಗಲೇ ಬೇಡ ಅಂತೀನಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು, ನಿಜ. ಆದರೆ ಆಮೇಲೆ ವರ್ಷವರ್ಷವೂ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಎಂದು ಓಡಾಡಬೇಕು. ಎಂ.ಎ. ಮುಗಿದು ಅರ್ಧ ಮಂದಿ ಊರು ಬಿಟ್ಟರೆ ಅದನ್ನು ನೋಡುವವರೇ ಇರುವುದಿಲ್ಲ.

ಅಂತರರಾಷ್ಟ್ರೀಯ ಬೋವಾ ಸಂಘ ಶುರುವಾದದ್ದು 1981ರಲ್ಲಿ, ಬೋವಾ ಇನ್ನೂ ಬದುಕಿದ್ದಾಗ. ಅದರ ಪತ್ರಿಕೆ 1983ರಿಂದ ಬರುತ್ತಿದೆ. ಲೇಖನ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಇರಬೇಕು, ವಸ್ತು ಮಾತ್ರ ಕನ್ನಡದ್ದಾಗಬಹುದು.

ಮೊದಲು, ಬೋವಾ ಫ್ರೆಂಚಿನಲ್ಲಿ ಬರೆದ ‘ದಿ ಸೆಕೆಂಡ್ ಸೆಕ್ಸ್’ನ ನಿಮ್ಮ ಕೈಲಿರುವ ಇಂಗ್ಲಿಷ್ ಪ್ರತಿಯಲ್ಲಿ ಅನುವಾದಕರ ಹೆಸರು ನೋಡಿ. ಪಾರ್ಶ್ಲಿ ಎಂದಿದ್ದರೆ ಅದು 1953ರ ಅನುವಾದ. ಅವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ತತ್ತ್ವಶಾಸ್ತ್ರದವರಲ್ಲ. ಮೂಲದ ಎಷ್ಟೋ ಪುಟಗಳು ಅದರಲ್ಲಿ ಇಲ್ಲ. ಎರಡನೇ ಸಂಪುಟದ ಹೆಸರು ಮೂಲದಲ್ಲಿ ‘ಬದುಕಿದ ಅನುಭವ’ ಎಂಬರ್ಥದ್ದು, ತತ್ತ್ವಶಾಸ್ತ್ರದ ಪಾರಿಭಾಷಿಕ ಪದ. ಪಾರ್ಶ್ಲಿಯಲ್ಲಿ ಅದು ‘ಇಂದಿನ ಹೆಣ್ಣಿನ ಬದುಕು’ ಎಂದಾಗಿಬಿಟ್ಟಿದೆ. ಅದನ್ನೇ ನೆಚ್ಚಿ ಬರೆದರೆ ಪತ್ರಿಕೆಯ ಪರಿಶೀಲಕರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. 2009ರ ಬೋರ್ಡ್ ಮತ್ತು ಮಲೊವಾನಿ-ಶೆವಾಲಿಯೆ ಅನುವಾದ ಪೂರ್ತಿ ಇದೆ, ಅದು ಬೇಕು. ಎಚ್.ಎಸ್. ಶ್ರೀಮತಿ ಅವರ ಕನ್ನಡ ಅನುವಾದವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಪೂರ್ತಿ ಪುಸ್ತಕ ಓದಲು ಹೋಗಬೇಡಿ. ವಾರಕ್ಕೆ ಹದಿನೈದು ಪುಟ ಎಂದರೂ ವರ್ಷ ದಾಟುತ್ತದೆ, ಮೂರನೇ ತಿಂಗಳಿಗೆ ಇಬ್ಬರು ಉಳಿದಿರುತ್ತಾರೆ. ಪೀಠಿಕೆ, ಜೀವಶಾಸ್ತ್ರದ ಅಧ್ಯಾಯ, ಎರಡನೇ ಸಂಪುಟದ ‘ಬಾಲ್ಯ’ ಇಷ್ಟು ಸಾಕು.

‘ಬಾಲ್ಯ’ದ ಮೊದಲ ವಾಕ್ಯಕ್ಕೇ ಒಂದಿಡೀ ಸಂಜೆ ಕೊಡಿ. ಹೆಣ್ಣಾಗಿ ಯಾರೂ ಹುಟ್ಟುವುದಿಲ್ಲ, ಹೆಣ್ಣಾಗುತ್ತಾರೆ ಎಂಬ ಆ ಮಾತು. ಇಂಗ್ಲಿಷಿನವರು ಅಲ್ಲಿ ‘ಎ ವುಮನ್’ ಎನ್ನಬೇಕೋ ಬರೀ ‘ವುಮನ್’ ಎನ್ನಬೇಕೋ ಎಂದು ಜಗಳಾಡಿದ್ದಾರೆ. ಕನ್ನಡದಲ್ಲಿ ಆ ತಂಟೆಯೇ ಇಲ್ಲ. ನಮ್ಮ ತೊಡಕು ಬೇರೆ: ಬೋವಾ ಜೀವಶಾಸ್ತ್ರದ ಹೆಣ್ಣಿಗೆ ಒಂದು ಪದ, ಸಮಾಜ ರೂಪಿಸಿದ ಹೆಣ್ಣಿಗೆ ಇನ್ನೊಂದು ಪದ ಬಳಸುತ್ತಾರೆ. ನಾವು ಹೆಣ್ಣು ಕರು ಎನ್ನುವುದೂ ಅದೇ ‘ಹೆಣ್ಣು’. ಹಾಗಾದರೆ ಹೆಂಗಸು ಎನ್ನೋಣವೇ, ಮಹಿಳೆ ಎನ್ನೋಣವೇ? ಇಲ್ಲಿಯವರು ದೊಡ್ಡವರಿಗೂ ಹೆಣ್ಮಗಳು ಅಂತಾರಲ್ಲ, ಅದರ ಗತಿ ಏನು? ಇದೇ ಒಂದು ಪ್ರಬಂಧ.

ಈ ಭಾಗದವರು ಎಡವುವುದು ವಚನದಲ್ಲಿ. ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯ, ಮೊಲೆಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವಿನ ಆತ್ಮ ಎರಡೂ ಅಲ್ಲ ಎಂದರು. ಬೋವಾ ಹೇಳಿದ್ದನ್ನು ನಮ್ಮವರು ಆಗಲೇ ಹೇಳಿದ್ದರು ಎಂದು ಬರೆದರೆ ಪ್ರಬಂಧ ಬಿದ್ದುಹೋಗುತ್ತದೆ. ಬೋವಾಗೆ ದೇಹದಾಚೆ ನಿಂತ ಆತ್ಮವಿಲ್ಲ. ಜಗತ್ತು ನಮ್ಮ ಹಿಡಿತಕ್ಕೆ ಸಿಗುವುದೇ ದೇಹದಿಂದ. ಆ ವ್ಯತ್ಯಾಸವನ್ನು ಬರೆಯಿರಿ. ಹಾಗೆಯೇ ‘ಬದುಕಿದ ಅನುಭವ’ಕ್ಕೆ ಬಸವಕಲ್ಯಾಣದ ನೆನಪಲ್ಲಿ ‘ಅನುಭಾವ’ ಎಂದು ಹಾಕಬೇಡಿ, ಅದು ಬೇರೆಯೇ ಲೋಕ.

ಸಾರಾಂಶ 250–300 ಪದ ಇರಲಿ, ಪುಸ್ತಕದ ಒಂದೇ ಭಾಗಕ್ಕೆ ಅಂಟಿಕೊಳ್ಳಲಿ. ಸಮ್ಮೇಳನದಲ್ಲಿ ಓದುವುದಾದರೆ ಇಪ್ಪತ್ತು ನಿಮಿಷದ ಮಂಡನೆಗೆ 2,500 ಇಂಗ್ಲಿಷ್ ಪದ ಸಾಕು. ಉಲ್ಲೇಖಕ್ಕೆ ಫ್ರೆಂಚ್ ಪುಟವನ್ನೂ ಇಂಗ್ಲಿಷ್ ಪುಟವನ್ನೂ ಕೊಡಿ, ಯಾವ ಮುದ್ರಣ ಎಂದು ಬರೆಯಿರಿ. ಲಂಡನ್ನಿನ ಮುದ್ರಣಕ್ಕೂ ನ್ಯೂಯಾರ್ಕಿನದಕ್ಕೂ ಪುಟಸಂಖ್ಯೆ ಹೊಂದುವುದಿಲ್ಲ. ಪತ್ರಿಕೆಗೆ ಕಳಿಸುವಾಗ, ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯದಂತೆ, ನಿಮ್ಮ ಹೆಸರನ್ನು ಲೇಖನದಿಂದಷ್ಟೇ ಅಲ್ಲ, ವರ್ಡ್ ಫೈಲಿನ ಪ್ರಾಪರ್ಟೀಸ್‌ನಿಂದಲೂ ಅಳಿಸಿ.