ಲಂಡನ್ನಿನಲ್ಲಿ ಒಂದೇ ದಿನ ಸಿಕ್ಕರೆ ಥೇಮ್ಸ್ ದಂಡೆಗುಂಟ ನಡೆಯಿರಿ

ಗೆಳತಿಯ ಜೊತೆ ಲಂಡನ್ನಿಗೆ ಹೊರಟಿದ್ದೀರಿ, ಅಡ್ಡಾಡಲು ಸಿಗುವುದು ಒಂದೇ ದಿನ, ಏನು ನೋಡಬೇಕು ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯವಳು. ಗದಗಿನ ನನ್ನ ಗೆಳತಿಯ ಮಗಳು ಅಲ್ಲಿದ್ದಾಳೆ. ಅವಳ ಮನೆಗೆ ಇಬ್ಬರೂ ಕೂಡಿ ಹೋದಾಗ ಒಂದು ದಿನ ನಾವಿಬ್ಬರೇ ಊರು ನೋಡಲು ಹೊರಬಿದ್ದೆವು. ಅರಮನೆ, ಮ್ಯೂಸಿಯಂ, ಕೋಟೆ ಎಲ್ಲವನ್ನೂ ಮುಟ್ಟಿ ಬರಬೇಕೆಂದು ಓಡಬೇಡಿ. ಥೇಮ್ಸ್ ನದಿಯ ದಕ್ಷಿಣ ದಂಡೆ ಹಿಡಿದು ವಾಕ್ಸ್‌ಹಾಲ್‌ನಿಂದ ಟವರ್ ಬ್ರಿಜ್‌ವರೆಗೆ ನಡೆಯಿರಿ. ಸುಮಾರು ಆರು ಕಿಲೋಮೀಟರ್, ಏರು ಇಳಿವು ಅಷ್ಟಾಗಿ ಇಲ್ಲ. ಹೆಸರಾಂತ ಕಟ್ಟಡಗಳು ಆಚೆ ದಂಡೆಯಲ್ಲಿ ಒಂದೊಂದಾಗಿ ತಾವೇ ಎದುರಿಗೆ ಬರುತ್ತವೆ. ಗೆಳತಿಯರಿಗೆ ಮಾತಾಡಲು ಪುರಸೊತ್ತೂ ಬೇಕಲ್ಲ.

ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದು ಹೊಳೆಗುಂಟ ಲ್ಯಾಂಬೆತ್ ಸೇತುವೆಯ ಕಡೆ ಹೊರಟರೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಹೊಳೆದಂಡೆಯ ರಸ್ತೆಯಲ್ಲಿ ಬಸವಣ್ಣನವರ ಪುತ್ಥಳಿ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅದಕ್ಕಾಗಿ ಓಡಾಡಿದವರು ಕಲಬುರಗಿ ಮೂಲದ, ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ. ಪೇಪರಿನಲ್ಲಿ ಓದಿದ್ದೆ, ಫೋಟೊ ನೋಡಿದ್ದೆ. ಆದರೂ ಅಲ್ಲಿ ನಿಂತಾಗ ಗಂಟಲು ಕಟ್ಟಿತು. ಹೊಳೆಯಾಚೆ ಬ್ರಿಟಿಷ್ ಪಾರ್ಲಿಮೆಂಟು. ಅಲ್ಲಿಯ ಕೆಳಮನೆಯಲ್ಲಿ ಮೊದಲ ಹೆಣ್ಣುಮಗಳು ಬಂದು ಕೂತದ್ದು 1919ರಲ್ಲಿ. ಈಚೆ ದಂಡೆಯಲ್ಲಿ, ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣದಲ್ಲಿ ಶರಣೆಯರನ್ನೂ ಶರಣರನ್ನೂ ಕೂಡಿಸಿ ಮಾತಾಡಿಸಿದ ಅಣ್ಣ. ನನ್ನ ಗೆಳತಿ ಗದಗಿನ ತೋಂಟದಾರ್ಯ ಮಠದ ಶಿವಾನುಭವ ಗೋಷ್ಠಿಗೆ ಬಿಡದೆ ಹೋಗುವಾಕೆ. ಚಪ್ಪಲಿ ಕಳಚಿಟ್ಟು, ಕೈಮುಗಿದು, ಒಂದು ವಚನ ಪೂರ್ತಿ ಹೇಳಿದಳು. ‘ಅವಸರ ಮಾಡಬ್ಯಾಡವಾ, ಇಲ್ಲೊಂದಿಷ್ಟು ಕೂಡೂಣು’ ಅಂದಳು. ಬಹಳ ಹೊತ್ತು ಕೂತೆವು. ನೀವೂ ಕೂಡಿರಿ.

ಮುಂದೆ ಲ್ಯಾಂಬೆತ್ ಸೇತುವೆಗೆ ಕೆಂಪು ಬಣ್ಣ, ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಹಸಿರು. ಪಾರ್ಲಿಮೆಂಟಿನ ಮೇಲ್ಮನೆಯ ಆಸನಗಳು ಕೆಂಪು, ಕೆಳಮನೆಯವು ಹಸಿರು. ಸೇತುವೆಗಳ ಬಣ್ಣ ಅಲ್ಲಿಂದ ಬಂದದ್ದು. ಈ ಎರಡರ ನಡುವೆ, ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆಯ ಮೇಲೆ ಕೋವಿಡ್ ಸ್ಮಾರಕವಿದೆ. ಅರ್ಧ ಕಿಲೋಮೀಟರ್ ಉದ್ದಕ್ಕೂ ಕೈಯಿಂದ ಬರೆದ ಕೆಂಪು ಹೃದಯಗಳು, ಎರಡು ಲಕ್ಷಕ್ಕೂ ಹೆಚ್ಚು. ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು. ಮನೆಯವರು ಬಂದು ಅದರೊಳಗೆ ಹೆಸರು ಬರೆದಿದ್ದಾರೆ. 2021ರ ಮಾರ್ಚಿನಲ್ಲಿ ಶುರುವಾದದ್ದು. ಬಣ್ಣ ಮಾಸಿದಾಗ ಸ್ವಯಂಸೇವಕರು ಮತ್ತೆ ತೀಡುತ್ತಾರೆ.

ಅದೇ ವರ್ಷದ ಮೇ ತಿಂಗಳಲ್ಲಿ ಗೆಳತಿಯ ಅಣ್ಣ ಕೋವಿಡ್‌ನಿಂದ ತೀರಿಕೊಂಡರು. ಮಣ್ಣಿಗೆ ಹೋಗಲೂ ಆಗಿರಲಿಲ್ಲ. ಅವಳು ಗೋಡೆಗೆ ಕೈಯಾಡಿಸುತ್ತ ಹೆಸರುಗಳನ್ನು ಓದುತ್ತ ನಡೆದಳು. ‘ಇವರ ಮನ್ಯಾಗೂ ನಮ್ಮಂಗ ಆಗಿರಬೇಕಲ್ಲ’ ಅಂದು ನಿಂತುಬಿಟ್ಟಳು. ಆಮೇಲೆ ಬೆಂಚಿನ ಮೇಲೆ ಕೂತು ಅಣ್ಣನ ವಿಷಯ ಮಾತಾಡಿದಳು, ಊರಲ್ಲಿ ಎಂದೂ ಆಡದಷ್ಟು. ನಡೆದೇ ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಟೂರ್ ಬಸ್ಸಿನ ಮಹಡಿಯಲ್ಲಿ ಕೂತರೆ ಈ ಗೋಡೆ ಹೀಗೆ ಸಿಗುವುದಿಲ್ಲ.

ಲಂಡನ್ ಐ ಎಂಬ ದೊಡ್ಡ ಚಕ್ರ 135 ಮೀಟರ್ ಎತ್ತರ, ಒಂದು ಸುತ್ತಿಗೆ ಅರ್ಧ ತಾಸು. ದುಬಾರಿ, ನಾವು ಹತ್ತಲಿಲ್ಲ. ವಾಟರ್ಲೂ ಸೇತುವೆಯ ಕೆಳಗೆ ಹಳೆಯ ಪುಸ್ತಕಗಳ ಸಂತೆ ಇದೆ, ಅದನ್ನು ಬಿಡಬೇಡಿ. ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರವಾಗಿತ್ತು. 2000ದಿಂದ ಕಲಾ ಮ್ಯೂಸಿಯಂ. ಒಳಗೆ ಹೋಗಲು ಟಿಕೆಟ್ ಬೇಡ, ಶೌಚಾಲಯವೂ ಸ್ವಚ್ಛ. ಇಡೀ ದಿನ ಹೊರಗಿರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಅದರ ಮುಂದಿನ ಮಿಲೇನಿಯಂ ಸೇತುವೆ ನಡೆಯುವವರಿಗಷ್ಟೇ. 2000ದ ಜೂನ್‌ನಲ್ಲಿ ತೆರೆದಾಗ ಜನರ ಹೆಜ್ಜೆ ಲಯಕ್ಕೆ ಬಿದ್ದು ಅಡ್ಡಡ್ಡ ತೂಗಾಡಿತು. ಎರಡೇ ದಿನಕ್ಕೆ ಮುಚ್ಚಿ, ತೂಗಾಟ ತಡೆಯುವ ಉಪಕರಣ ಜೋಡಿಸಿ 2002ರಲ್ಲಿ ಮತ್ತೆ ತೆರೆದರು. ಅದರ ಮೇಲಿಂದ ಸೇಂಟ್ ಪಾಲ್ ಚರ್ಚಿನ ಗೋಪುರ ಬಹಳ ಚಂದ ಕಾಣುತ್ತದೆ. ಕೊನೆಗೆ ಸಿಗುವ ಟವರ್ ಬ್ರಿಜ್ 1894ರದು. ಹಡಗಿಗೆ ದಾರಿ ಬಿಡಲು ಅದು ಬಾಯ್ತೆರೆಯುವ ಸಮಯ ಅವರ ವೆಬ್‌ಸೈಟಿನಲ್ಲಿ ಇರುತ್ತದೆ, ಮುಂಜಾನೆಯೇ ನೋಡಿಕೊಳ್ಳಿ.

ಇನ್ನು ವ್ಯವಹಾರದ ಮಾತು. ಅಲ್ಲಿಯ ಬಸ್ಸಿನಲ್ಲಿ ರೊಕ್ಕ ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಇಬ್ಬರಿಗೆ ಸೇರಿ ಒಂದು ನಡೆಯದು. ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ಹುಬ್ಬಳ್ಳಿಯಲ್ಲೇ ಆನ್ ಮಾಡಿಕೊಂಡು ಹೋಗಿ. ಬಸ್ ಹತ್ತುವಾಗ ಕಾರ್ಡನ್ನು ಯಂತ್ರಕ್ಕೆ ಒಮ್ಮೆ ಮುಟ್ಟಿಸಿದರೆ ಸಾಕು. ಸುರಂಗ ರೈಲಿಗೆ ಮಾತ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನಿಲ್ದಾಣದ ಗೇಟಿನ ಹಾಗೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ದಿನವಿಡೀ ಒಂದೇ ಕಾರ್ಡು ಬಳಸಿದರೆ ಒಂದು ಮಿತಿ ದಾಟಿದ ಮೇಲೆ ಹೆಚ್ಚು ಕಡಿತವಾಗುವುದಿಲ್ಲ. ಧಾರವಾಡ ಪೇಢೆ ಒಯ್ಯಬೇಡಿ, ನಮ್ಮ ಕಡೆಯಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ನಿರ್ಬಂಧವಿದೆ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊಳೆದಂಡೆಯಲ್ಲೇ ಉಂಡೆವು. ಲಂಡನ್ ಬ್ರಿಜ್ ಹತ್ತಿರದ ಬರೋ ಮಾರ್ಕೆಟ್ಟಿನಲ್ಲೂ ಸಸ್ಯಾಹಾರ ಸಿಗುತ್ತದೆ, ಸೋಮವಾರ ರಜೆ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ನಿಧಾನಕ್ಕೆ ಹೊರಡಬಹುದು. ಡಿಸೆಂಬರ್ ಆದರೆ ನಾಲ್ಕಕ್ಕೆಲ್ಲ ಕತ್ತಲು, ಆಗ ಮುಂಜಾನೆ ಒಂಬತ್ತರೊಳಗೆ ವಾಕ್ಸ್‌ಹಾಲ್ ಮುಟ್ಟಿರಿ.