ಆಫ್ ಮಾಡಿದರೂ ಮಿಣುಕುವ ಬಲ್ಬ್

ಪ್ರಶ್ನೆ: ಹಳೆ ಬಲ್ಬ್ ತೆಗೆದು 9 ವ್ಯಾಟ್ ಎಲ್‌ಇಡಿ ಹಾಕಿದ್ದೇವೆ. ಸ್ವಿಚ್ ಆಫ್ ಮಾಡಿದರೂ ರಾತ್ರಿಯೆಲ್ಲಾ ಮಿಣುಕುತ್ತಿರುತ್ತದೆ. ಬಲ್ಬ್ ಹಾಳಾಗಿದೆಯಾ? ಬಿಲ್ ಜಾಸ್ತಿ ಬರುತ್ತದಾ?
– ಓದುಗರು, ಸಾಗರ

ಉತ್ತರ: ಬಲ್ಬ್ ಸರಿಯಾಗೇ ಇದೆ, ಬಿಲ್ಲಿನ ಚಿಂತೆಯೂ ಬೇಡ. ಅನುಮಾನ ಪಡಬೇಕಾದದ್ದು ವೈರಿಂಗ್ ಮೇಲೆ. ಬಲ್ಬಿಗೆ ಬೇಕಾಗುವುದು ಎರಡು ವೈರು, ಕರೆಂಟು ತರುವ ಫೇಸ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್. ಇವೆರಡರ ನಡುವೆ 230 ವೋಲ್ಟ್ ಇರುತ್ತದೆ. ಸ್ವಿಚ್ ಇರಬೇಕಾದದ್ದು ಫೇಸ್ ವೈರಿನ ಮೇಲೆ. ಕೆಲವರು ಅವಸರದಲ್ಲಿ ಅದಲುಬದಲು ಮಾಡಿ ನ್ಯೂಟ್ರಲ್ ಮೇಲೆ ಕೂರಿಸಿಬಿಡುತ್ತಾರೆ. ಯಾವುದನ್ನು ಕಡಿದರೂ ಬಲ್ಬ್ ಆರುತ್ತದಲ್ಲ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಆದರೆ ಫೇಸ್ ಹೋಲ್ಡರ್ ತನಕ ಬಂದು ನಿಂತಿರುತ್ತದೆ. ನಮ್ಮ ಮನೆಯ ಕರೆಂಟ್ ಎಸಿ, ಅಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಂಥದ್ದು. ಇಂಥ ಕರೆಂಟು ಒಂದೇ ಪೈಪಿನಲ್ಲಿ ಒತ್ತೊತ್ತಾಗಿರುವ ವೈರುಗಳ ನಡುವೆ, ಮೇಲಿನ ಪ್ಲಾಸ್ಟಿಕ್ ಎಷ್ಟೇ ಚೆನ್ನಾಗಿದ್ದರೂ, ಒಂಚೂರು ದಾಟಿಯೇ ದಾಟುತ್ತದೆ, ಅಂದರೆ ಆ ವೈರುಗಳೇ ಸೇರಿ ಪುಟ್ಟ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟು ಬಿಡುವ ಸಾಧನ) ಆಗಿರುತ್ತವೆ. ಹಳೆ 60 ವ್ಯಾಟ್ ಬಲ್ಬಿನ ತಂತಿ ಕಾಯಲು ಇದು ಯಾವ ಮೂಲೆಗೂ ಸಾಲದು. ಎಲ್‌ಇಡಿ ಬಲ್ಬ್ ಮಾತ್ರ ಇಷ್ಟನ್ನೂ ತನ್ನೊಳಗಿನ ಕೆಪಾಸಿಟರ್‌ನಲ್ಲಿ ಕೂಡಿಡುತ್ತದೆ. ತುಂಬಿದಾಗ ಒಮ್ಮೆ ಮಿಣುಕ್. ಮತ್ತೆ ಖಾಲಿ, ಮತ್ತೆ ತುಂಬುವುದು.

ಸ್ವಿಚ್ಚಿನಲ್ಲೇ ಸಣ್ಣ ಇಂಡಿಕೇಟರ್ ದೀಪವಿದ್ದರೂ ಹೀಗಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅದಿಲ್ಲದಿದ್ದರೆ ಸ್ವಿಚ್ ಆಫ್ ಮಾಡಿ, ಬಲ್ಬ್ ತೆಗೆದು, ಹೋಲ್ಡರ್‌ನ ಎರಡೂ ಪಿನ್ನಿಗೆ ಒಂದಾದ ಮೇಲೊಂದರಂತೆ ಟೆಸ್ಟರ್ ಇಟ್ಟು ನೋಡಿ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ. ಟೆಸ್ಟರ್ ಜೋರಾಗಿ ಉರಿದರೆ ಸ್ವಿಚ್ ನ್ಯೂಟ್ರಲ್ ಮೇಲಿದೆ ಅಂತಲೇ ಲೆಕ್ಕ. ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಬದಲಾಯಿಸಿಕೊಳ್ಳಿ. ಬೇರೆ ಕಂಪನಿ ಬಲ್ಬ್ ಹಾಕಿ ನೋಡಿ ಅನ್ನುವವರ ಮಾತು ಕೇಳಬೇಡಿ, ಮಿಣುಕುವುದು ನಿಂತರೂ ಆಫ್ ಆಗಿದೆ ಅಂತ ನಂಬಿ ಹೋಲ್ಡರಿಗೆ ಬೆರಳು ತಗುಲಿಸಿದವರಿಗೆ ಶಾಕ್ ಹೊಡೆಯುವುದು ತಪ್ಪುವುದಿಲ್ಲ.

ಪ್ರಶ್ನೆ: ಟೆಸ್ಟರ್ ಉರಿಯುವಾಗ ಕರೆಂಟು ನಮ್ಮ ಮೈಯಿಂದಲೇ ಹೋಗುತ್ತದಂತೆ. ಮತ್ತೆ ಶಾಕ್ ಯಾಕೆ ಹೊಡೆಯಲ್ಲ?
– ಓದುಗರು, ಗದಗ

ಉತ್ತರ: ಹೋಗುವುದು ನಿಜ. ಆದರೆ ಟೆಸ್ಟರ್ ಒಳಗೆ ಕರೆಂಟನ್ನು ತಡೆಯುವ ದೊಡ್ಡ ರೆಸಿಸ್ಟರ್ ಕೂರಿಸಿರುತ್ತಾರೆ. ಅದು 10 ಲಕ್ಷ ಓಮ್ ಅಂದುಕೊಳ್ಳಿ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್, ಇದೇ ಓಮ್‌ನ ನಿಯಮ. 230 ಅನ್ನು 10 ಲಕ್ಷದಿಂದ ಭಾಗಿಸಿ, ಒಂದು ಮಿಲಿಆಂಪಿಯರ್‌ನ ಕಾಲು ಭಾಗವೂ ಬರುವುದಿಲ್ಲ. ಅಷ್ಟಕ್ಕೆ ಮೈ ಜುಮ್ಮೆನ್ನುವುದೂ ಇಲ್ಲ. ಸ್ಪ್ರಿಂಗ್ ಕಳೆದುಹೋಯಿತು ಅಂತ ಟೆಸ್ಟರ್ ಬಿಚ್ಚಿ ಒಳಗೆ ತಂತಿ ತುರುಕುವವರಿದ್ದಾರೆ. ಆ ಭರದಲ್ಲಿ ರೆಸಿಸ್ಟರ್ ಬಿಟ್ಟುಹೋದರೆ ಕಥೆ ಮುಗಿಯಿತು.

ಪ್ರಶ್ನೆ: ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದೇವೆ. ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುತ್ತದೆ ಅಲ್ವಾ?
– ಓದುಗರು, ಮಂಡ್ಯ

ಉತ್ತರ: ಇಲ್ಲ. 16 ಆಂಪಿಯರ್ ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ. ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಭಾಗ ಸಾಕು. ನಿಮಗೆ ಬೇಕಿರುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಾರದೆ ನೆಲಕ್ಕೆ ಸೋರಿದರೆ ಈ ಸ್ವಿಚ್ ತಕ್ಷಣ ಕರೆಂಟು ಕಡಿಯುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಮರದ ಸ್ಟೂಲ್ ಮೇಲೆ ನಿಂತರೆ ಮಾತ್ರ ಅದೂ ಸುಮ್ನೆ ಇರುತ್ತದೆ, ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬೇ. ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಒಂದು ಬಟನ್ ಇರುತ್ತದೆ. ಆಗಾಗ ಒತ್ತಿ ನೋಡಿ, ಮನೆಯ ಕರೆಂಟ್ ಹೋಗದಿದ್ದರೆ ಬದಲಾಯಿಸಿ.