ಸಂಜಿ ಕೆಲಸದಿಂದ ಬಂದ ಮ್ಯಾಲೆ ಚೆನ್ನಂಗಿ ಬ್ಯಾಳಿ, ಸಬ್ಬಸಗಿ

ನೀವು ಬರದದ್ದು ಓದಿದೆ. ಹಾವೇರಿಯಿಂದ ಜರ್ಮನಿಗೆ ಬಂದು ಇನ್ನೂ ಹೊಂದಿಕೊಳ್ಳಾಕತ್ತೀರಿ. ಸಂಜಿ ಏಳಕ್ಕ ಮನಿ ಮುಟ್ಟಿದ ಮ್ಯಾಲೆ ಅಡಗಿ ಮಾಡೂ ತ್ರಾಣ ಇರೂದಿಲ್ಲ, ಬ್ರೆಡ್ಡು, ಫ್ರೋಜನ್ ಪಿಜ್ಜಾ ತಿಂದು ಹೊಟ್ಟಿ ಕೆಟ್ಟೈತಿ. ಊರಿಗೆ ಹೋದಾಗ ಮಿಕ್ಸರ್ ತರಲೇನು, ಕುಕ್ಕರ್ ತರಲೇನು ಅಂತ ಕೇಳೀರಿ. ನಾನು ಹುಬ್ಬಳ್ಳಿಯಾಕಿ. ಸ್ಟುಟ್‌ಗಾರ್ಟಿನಾಗ ನೆಲೆಸಿ ಭಾಳ ವರ್ಷ ಆತು, ಮಕ್ಕಳು ಇಲ್ಲೇ ಸಾಲಿಗೆ ಹೋಗ್ತಾವ. ನನ್ನ ಕೇಳಿದ್ರ ಎರಡೂ ಬ್ಯಾಡ. ಮಸಾಲಿ ಖಾರ ಮತ್ತ ಶೇಂಗಾ ಹಿಂಡಿ, ಅಂದ್ರ ಶೇಂಗಾ ಚಟ್ನಿಪುಡಿ, ತುಂಬಿಕೊಂಡು ಬರ್ರಿ.

ಯಾಕಂದ್ರ ನಮ್ಮ ಕಡೆ ಅಡಗಿಯ ದೊಡ್ಡ ಕೆಲಸ ಬ್ಯಾಸಿಗ್ಯಾಗ ಮುಗದಿರತೈತಿ. ನಿಮ್ಮ ಜಿಲ್ಲಾದ್ದ ಬ್ಯಾಡಗಿ ಮೆಣಸಿನಕಾಯಿ ಬಿಸಲಿಗೆ ಒಣಗಿಸಿ, ಕೊತಂಬರಿ ಬೀಜ, ಜೀರಿಗಿ, ಒಣಕೊಬ್ರಿ, ಲವಂಗ, ಚಕ್ಕಿ ಹುರದು, ಕುಟ್ಟಿಸಿ ಡಬ್ಬಿ ತುಂಬಿಡ್ತಾರ. ಆಮ್ಯಾಲೆ ದಿನದ ಪಲ್ಯಾಕ್ಕ ಒಗ್ಗರಣಿ, ಒಂದು ಚಮಚ ಖಾರ, ಉಪ್ಪು, ಇಷ್ಟ ಸಾಕು. ಹೊತ್ತು ಮುಳುಗಿದ ಮ್ಯಾಲೆ ಹೊಲದಿಂದ ಬಂದ ಹೆಣ್ಮಕ್ಕಳು ಮಾಡ್ತಿದ್ದ ಅಡಗಿ ಇದು. ದಣಿದವರ ಸಲುವಾಗೇ ಹುಟ್ಟಿದ್ದು. ಇಲ್ಲಿಗೆ ಬಂದ ಹುಡುಗರು ವಿಡಿಯೋ ನೋಡಿ ಉಳ್ಳಾಗಡ್ಡಿ, ಗೋಡಂಬಿ ಅರದು, ಕ್ರೀಮ್ ಸುರುವಿ ಗ್ರೇವಿ ಮಾಡಾಕ ಹೋಗ್ತಾರ. ಅದು ಹೊಟೆಲ್ ಅಡಗಿ. ತಾಸು ಹೊಕ್ಕೈತಿ, ಎಣ್ಣಿನೂ ಹೊಕ್ಕೈತಿ.

ವಾರದ ದಿನ ನಾನು ಮಾಡೂದು ಚೆನ್ನಂಗಿ ಬ್ಯಾಳಿ, ಅಂದ್ರ ಮಸೂರ. ಇಲ್ಲಿ ಯಾವ ಅಂಗಡ್ಯಾಗೂ ‘ರೋಟೆ ಲಿನ್ಸನ್’ ಅಂತ ಸಿಗತೈತಿ. ನೆನಸೂದು ಬ್ಯಾಡ, ಕುಕ್ಕರೂ ಬ್ಯಾಡ. ಇಬ್ಬರಿಗೆ 150 ಗ್ರಾಂ ತೊಳದು ಇಟ್ಕೊಳ್ರಿ. ಬೂಟು ಬಿಚ್ಚೂಕಿಂತ ಮೊದಲ ಕೆಟಲ್‌ನಾಗ ನೀರು ಕಾಸಾಕ ಹಚ್ಚಿ ಬಿಡ್ರಿ. ದಪ್ಪ ತಳದ ಪಾತ್ರ್ಯಾಗ ಒಂದು ದೊಡ್ಡ ಚಮಚ ಎಣ್ಣಿ, ಸಾಸಿವಿ, ಜೀರಿಗಿ, ಜಜ್ಜಿದ ಆರೇಳು ಎಸಳು ಬಳ್ಳೊಳ್ಳಿ, ಹೆಚ್ಚಿದ ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾಗೂದ್ರಾಗ ಅರಿಷಿಣ, ಬ್ಯಾಳಿ ಹಾಕಿ, ಬ್ಯಾಳಿಯ ಮೂರರಷ್ಟು ಬಿಸಿನೀರು ಹಾಕ್ರಿ. ನೊರಿ ಉಕ್ಕಿ ಬರತೈತಿ, ಅದಕ್ಕ ಮುಚ್ಚಳ ಅರ್ಧ ತೆಗದಿಡ್ರಿ. ಹದಿನೈದು ನಿಮಿಷಕ್ಕ ಬ್ಯಾಳಿ ತಾನ ಒಡದು ಗಟ್ಟಿ ಆಕ್ಕೈತಿ.

ಟಮಾಟಿ ಆಮ್ಯಾಲೇ ಹಾಕಬೇಕು. ಹುಳಿ ಮೊದಲ ಬಿದ್ರ ಬ್ಯಾಳಿ ಬೇಯೂದು ತಡಾ ಆಗತೈತಿ. ಖಾರಾನೂ ಆವಾಗೇ ಹಾಕ್ರಿ, ಕಾದ ಎಣ್ಯಾಗ ಅಲ್ಲ, ಕುದಿಯೂ ಬ್ಯಾಳ್ಯಾಗ. ನಮ್ಮ ಖಾರ ಹುರದೇ ಕುಟ್ಟಿದ್ದು, ಹಸಿ ವಾಸನಿ ಬರೂದಿಲ್ಲ. ಇಲ್ಲಿ ಮನಿಗಳಾಗ ಹೊಗಿ ಅಲಾರಾಂ ಕಡ್ಡಾಯ. ಎಣ್ಯಾಗ ಖಾರ ಹೊತ್ತಿದ್ರ ಅದು ಒದರಾಕ ಹತ್ತತೈತಿ, ರಾತ್ರಿ ಹತ್ತರ ಮ್ಯಾಲೆ ಆದ್ರ ಇಡೀ ಬಿಲ್ಡಿಂಗಿಗೆ ತ್ರಾಸು.

ಇನ್ನ ಸೊಪ್ಪು. ನನಗ ಇಲ್ಲಿ ಭಾಳ ಖುಷಿ ಕೊಡೂ ಸಂಗತಿ ಇದು: ಸಬ್ಬಸಗಿ ಇವರ ಅಡಗಿಮನ್ಯಾಗೂ ದಿನದ ಸೊಪ್ಪು. ಸೌತಿಕಾಯಿ ಸಲಾಡಿಗೆ, ಮೀನಿಗೆ ಹಾಕ್ತಾರ, ‘ಡಿಲ್’ ಅಂತ ಬರದಿರತೈತಿ. ಸೂಪರ್ ಮಾರ್ಕೆಟಿನ ಕಟ್ಟು ಸಣ್ಣದು, ತುರ್ಕಿ ಅಂಗಡ್ಯಾಗ ಕೊತಂಬರಿ, ಬದನಿಕಾಯಿ ಜೋಡಿ ದೊಡ್ಡ ಕಟ್ಟು ಸಿಗತೈತಿ. ಎಳೀ ದಂಟು ಸುದ್ದಾ ಹೆಚ್ಚಿ ಕಡೀ ಐದು ನಿಮಿಷಕ್ಕ ಹಾಕ್ರಿ, ಆ ಘಮಕ್ಕ ನಮ್ಮ ಹೆಸರಬ್ಯಾಳಿ ಸಬ್ಬಸಗಿ ಪಲ್ಯಾನ ನೆನಪಾಗತೈತಿ. ಸಿಗದ ದಿನ ಫ್ರೋಜನ್ ಪಾಲಕ ನಡೀತೈತಿ, ಆದ್ರ ಪಾಕೀಟು ನೋಡಿ ‘ಬ್ಲಾಟ್‌ಶ್ಪಿನಾಟ್’ ತೊಗೊಳ್ರಿ. ‘ರಾಮ್‌ಶ್ಪಿನಾಟ್’ಗೆ ಕ್ರೀಮ್ ಹಾಕಿರ್ತಾರ.

ಇಳಿಸಿದ ಮ್ಯಾಲೆ ಎರಡು ಚಮಚ ಶೇಂಗಾ ಹಿಂಡಿ, ಅರ್ಧ ಲಿಂಬಿಹಣ್ಣು. ಒಣ ಬ್ಯಾಳ್ಯಾಗ 100 ಗ್ರಾಮಿಗೆ ಸುಮಾರು 24 ಗ್ರಾಂ ಪ್ರೋಟೀನ್ ಇರತೈತಿ. ಲಿಂಬಿಯ ವಿಟಮಿನ್ ಸಿ ಇದ್ರ ಬ್ಯಾಳಿ, ಸೊಪ್ಪಿನ ಕಬ್ಬಿಣ ಮೈಗೆ ಚೊಲೊ ಹತ್ತತೈತಿ. ಅನ್ನಕ್ಕೂ ಆತು, ರೊಟ್ಟಿಗೂ ಆತು. ವಾರದ ದಿನ ರೊಟ್ಟಿ ಬಡಿಯಾಕ ಹೋಗಬ್ಯಾಡ್ರಿ, ಒಣಗಿಸಿದ ಕಟಕ ರೊಟ್ಟಿ ತಂದಿಟ್ಕೊಳ್ರಿ.

ರಾಜ್ಮಾ, ಕಡ್ಲಿ ಬೇಕಂದ್ರ ಬೇಯಿಸಿದ ಡಬ್ಬಿ ಸಿಗತಾವ, ತೊಳದು ಇದ ಒಗ್ಗರಣಿಗೆ ಹಾಕಬಹುದು. ಒಣ ರಾಜ್ಮಾ ತಂದ್ರ ಮಾತ್ರ ರಾತ್ರಿಯೆಲ್ಲಾ ನೆನಸಿ, ಆ ನೀರು ಚೆಲ್ಲಿ, ಹೊಸ ನೀರಾಗ ಅರ್ಧ ತಾಸು ಕೊತಕೊತ ಕುದಿಸ್ರಿ. ಕುದಿ ಬರದ ಸ್ಲೋ ಕುಕ್ಕರಿನಾಗ ಇಟ್ರ ಅದರಾಗಿನ ಲೆಕ್ಟಿನ್ ವಿಷ ಹಂಗ ಉಳದು ವಾಂತಿ, ಭೇದಿ ಆಗತೈತಿ.

ಬ್ಯಾಗಿನಾಗ ಧಾರವಾಡ ಪೇಡೆ, ತುಪ್ಪ ಇಡಬ್ಯಾಡ್ರಿ. ಯುರೋಪಿಯನ್ ಒಕ್ಕೂಟದ ಹೊರಗಿಂದ ಬರೂ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರೂ ಹಂಗಿಲ್ಲ, ಸಿಕ್ರ ಕಸಕ್ಕ ಹಾಕ್ತಾರ. ಹಸಿ ಕರಿಬೇವಿಗೆ 2019ರ ಡಿಸೆಂಬರಿಂದ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅವ್ವನ ಕೈಲೆ ಪೇಡೆ ಕಟ್ಟಿಸಿಕೊಂಡು ಇಲ್ಲಿ ಚೆಲ್ಲೂದು ಭಾಳ ಸಂಕಟದ ಕೆಲಸ, ಅದಕ್ಕ ಒತ್ತಿ ಹೇಳಾಕತ್ತೀನಿ.

ಭಾನುವಾರ ಅಂಗಡಿ ಬಂದ್, ಬ್ಯಾಳಿ, ಸೊಪ್ಪು ಶನಿವಾರನ ತಂದಿಡ್ರಿ. ಕುಕ್ಕರ್ ತರಲೇಬೇಕು ಅನ್ನಿಸಿದ್ರ ಮೊದಲ ಒಲಿ ನೋಡ್ರಿ. ಇಂಡಕ್ಷನ್ ಆದ್ರ ಬರೇ ಅಲ್ಯುಮಿನಿಯಂ ತಳದ್ದು ಕಾಯೂದೇ ಇಲ್ಲ. ಸಾದಾ ಗಾಜಿನ ಎಲೆಕ್ಟ್ರಿಕ್ ಒಲಿ ಆದ್ರ ಆರಿಸಿದ ಮ್ಯಾಲೂ ಕಾವು ಹಿಡದಿರತೈತಿ, ಬ್ಯಾಳಿ ತಳ ಹತ್ತೂದು ಅಲ್ಲೇ. ನಿಮ್ಮದು ಯಾವುದು ಅಂತ ತಿಳಿಸ್ರಿ, ಅದಕ್ಕ ತಕ್ಕಂಗ ನೀರು, ಉರಿ ಹೇಳ್ತೀನಿ.